ಆರು ಪೌಂಡ್ ಹತ್ತು ಔನ್ಸ್

ಮಾರ್ಚ್ 4, ಮಂಗಳವಾರ

ಮೂವತ್ತೆಂಟು ಬ್ಲಾಕ್ ಕತ್ತರಿಸಿದೆ, ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡುಗಳು. ಬ್ಲೇಡು ಎರಡು ಸಲ ಬದಲಾಯಿಸಬೇಕಾಯಿತು. ಹತ್ತೊಂಬತ್ತನೆಯದು ಪುಡಿಪುಡಿ. ಮೇಣ ಒಳಗೆ ಇಳಿದೇ ಇಲ್ಲ. ಯಾರದೋ ಅವಸರ, ನನ್ನ ಬೆನ್ನುನೋವು. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಆ ತೆಳ್ಳನೆ ಪಟ್ಟಿಗಳನ್ನು ಗಾಜಿನ ಮೇಲೆ ಎತ್ತಿಕೊಳ್ಳುವಾಗ ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಇಪ್ಪತ್ತೊಂದು ವರ್ಷದ ಮೇಲೂ. ಲ್ಯಾಬಿನಲ್ಲಿ ನನ್ನನ್ನು ಸ್ಲೈಸ್ ಮೇಡಂ ಅನ್ನುತ್ತಾರೆ. ಅನ್ನಲಿ.

ಇವತ್ತು ಪೇಪರಿನಲ್ಲಿ ನಮ್ಮ ಲ್ಯಾಬ್! ನಾಲ್ಕನೇ ಪುಟ. ಪ್ರೊಫೆಸರ್ ಸಾಹೇಬರ ನಗುಮುಖ ಅರ್ಧ ಪುಟ, ಅದರ ಪಕ್ಕ ಒಂದು ಸ್ಲೈಡು. ನನ್ನ ಸ್ಲೈಡು! ಸ್ತನದ ಸ್ಟೆಮ್ ಸೆಲ್‌ಗಳು ಕಂದು ಬಣ್ಣ ಹಿಡಿದು ಚುಕ್ಕಿ ಚುಕ್ಕಿಯಾಗಿ ಕೂತಿವೆ. ಎಷ್ಟು ಚೆನ್ನಾಗಿ ಬಂದಿದೆ ಅಂದರೆ ದೃಷ್ಟಿ ತೆಗೆಯಬೇಕು. ನನ್ನ ಹೆಸರು ಎಲ್ಲೂ ಇಲ್ಲ. ಇರಲಿ. ಫೋಟೋ ನೋಡಿದ ಖುಷಿಯಲ್ಲಿ ಕೆಳಗೆ ಏನು ಬರೆದಿದ್ದಾರೆ ಅಂತ ಓದಲೂ ಇಲ್ಲ. ಕತ್ತರಿಸಿ ಬ್ಯಾಗಿಗೆ ಹಾಕಿಕೊಂಡೆ.

ಸಂಜೆ ಅಕ್ಕನ ಮನೆಗೆ ಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬಂದೆ. ಪಾಪ, ಅವಳಿಗೂ ಬೇರೆ ಏನಾದರೂ ನೋಡಲಿಕ್ಕೆ ಬೇಕು. ಫ್ರಿಜ್ಜಿನ ತುಂಬ ಆಸ್ಪತ್ರೆ ಚೀಟಿಗಳೇ. 27ಕ್ಕೆ ಆಪರೇಷನ್. ಎಡಗಡೆಯ ಸ್ತನ ಪೂರ್ತಿ ತೆಗೆಯುತ್ತಾರೆ.

"ಅದೇನೇ ಅದು ಕಂದು ಕಂದಾಗಿ?" ಅಂದಳು.

ಕೇಳಬಾರದಿತ್ತು. ನಾನು ಶುರು ಹಚ್ಚಿಕೊಂಡೆ. ತಾಯಿ ಹೊಟ್ಟೆಯಲ್ಲಿದ್ದಾಗ, ಆಮೇಲೆ ಚಿಕ್ಕಂದಿನಲ್ಲಿ, ಆಮೇಲೆ ಮೈನೆರೆಯುವ ಹೊತ್ತಿಗೆ ಎದೆಯಲ್ಲಿ ಬಿತ್ತನೆ ಬೀಜ ಎತ್ತಿಟ್ಟ ಹಾಗೆ ಈ ಸೆಲ್‌ಗಳು ಸೇರಿಕೊಳ್ಳುತ್ತವೆ, ಮುಂದೆ ಬೆಳೆಯುವುದೆಲ್ಲ ಅವುಗಳಿಂದಲೇ, ಬೀಜ ಹೆಚ್ಚಿದ್ದಷ್ಟೂ ಎಲ್ಲೋ ಒಂದು ಕೆಡುವ ಸಂಭವ ಒಂಚೂರು ಹೆಚ್ಚು ಅಂತ. "ಹುಟ್ಟೋಕ್ ಮುಂಚೇನೇ ಶುರು ಕಣೇ!" ಅಂದೆ. ಬಹುಮಾನ ಬಂದವಳ ಹಾಗೆ.

ಅಕ್ಕ ಎದ್ದು ಫ್ರಿಜ್ಜಿನ ಹತ್ತಿರ ಹೋಗಿ ಆ ಅಕ್ಷರಗಳ ಕಡೆ ಬಗ್ಗಿದಳು.

ಮಾರ್ಚ್ 6, ಗುರುವಾರ

ನನ್ನ ಬಾಯಿಗೆ ಮಣ್ಣು ಹಾಕ.

ಅಮ್ಮ ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಕ್ಕನ ಮನೆಗೆ ಹೋಗುತ್ತಾಳೆ. ಎರಡು ಸ್ಟಾಪ್. ಎಪ್ಪತ್ಮೂರು ವಯಸ್ಸು, ಮೊಣಕಾಲು ಎರಡೂ ಹೋಗಿವೆ, ಆದರೂ ಆಟೋ ಬೇಡ. ಇವತ್ತು ನಾನು ಮನೆಗೆ ಬಂದರೆ ಡಬ್ಬಿ ತುಂಬಿದ್ದ ಹಾಗೇ ಅಡಿಗೆಕಟ್ಟೆಯ ಮೇಲಿದೆ. ಅಮ್ಮ ಮಂಚದ ಮೇಲೆ ಗೋಡೆ ಕಡೆ ತಿರುಗಿಕೊಂಡಿದ್ದಾಳೆ.

"ಏನಾಯ್ತಮ್ಮಾ?"

"ತಲೆನೋವು."

ಭಾವನಿಗೆ ಫೋನ್ ಮಾಡಿದೆ. ಆತ ಎಂದೂ ಗಟ್ಟಿಯಾಗಿ ಮಾತಾಡಿದವನಲ್ಲ, ಇವತ್ತಂತೂ ಪಿಸುಗುಟ್ಟಿದ. "ನಿಮ್ಮಕ್ಕ ಆ ಪೇಪರ್ ಪೂರ್ತಿ ಓದಿದ್ಲು ಕಣಮ್ಮಾ. ಅತ್ತೆ ಬಂದ ತಕ್ಷಣ ಕೇಳ್ಬಿಟ್ಲು."

ಕೇಳಿದ್ದು ಇದು: "ನಾನು ಹೊಟ್ಟೇಲಿದ್ದಾಗ ಏನಮ್ಮಾ ತಿಂದೆ ನೀನು? ಎಂಟು ಪೌಂಡ್ ಮಗು, ಎಂಟು ಪೌಂಡ್ ಮಗು ಅಂತ ಬೀದಿಯೆಲ್ಲಾ ಹೇಳ್ಕೊಂಡ್ ಬಂದ್ಯಲ್ಲ. ನೋಡು, ಇಲ್ಲಿ ಬರ್ದಿದಾರೆ. ನೀನು ತಿಂದೆ, ನಾನು ಅನುಭವಿಸ್ತಾ ಇದೀನಿ."

ಅಮ್ಮ ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡಳಂತೆ. ಡಬ್ಬಿ ಎತ್ತಿಕೊಂಡು ಹೊರಟಳಂತೆ.

ಆಮೇಲೆ ಪೇಪರ್ ಹುಡುಕಿ ಓದಿದೆ. ಅಕ್ಷರ ಬಲ್ಲವಳು, ಎರಡು ದಿನ ತಡವಾಗಿ! ತಲೆಬರಹ: "ಸ್ತನ ಕ್ಯಾನ್ಸರಿನ ಬೇರು ತಾಯಿಯ ತಟ್ಟೆಯಲ್ಲಿ." ಒಳಗೆ ಸಾಹೇಬರ ಮಾತು. ಮೂರೂವರೆ ಕಿಲೋಗಿಂತ ಹೆಚ್ಚು ತೂಗಿ ಹುಟ್ಟಿದ ಹೆಣ್ಣುಮಕ್ಕಳ ಸ್ತನದಲ್ಲಿ ಸ್ಟೆಮ್ ಸೆಲ್ ಹೆಚ್ಚು, ಮುಂದೆ ಅಪಾಯ ಹೆಚ್ಚು, ಆದ್ದರಿಂದ ಬಸುರಿಯರು ಬಾಯಿಗೆ ಹಿಡಿತ ಹಾಕಬೇಕು. ಎಂಟು ಪೌಂಡು ಅಂದರೆ ಮೂರೂವರೆ ಕಿಲೋಗೆ ಮೇಲೆ.

ಮೈಯೆಲ್ಲ ಉರಿಯಿತು. "ಆದ್ದರಿಂದ" ಅಂತೆ! ನಾನು ಕತ್ತರಿಸಿದ್ದು ಅಂಗಾಂಶ. ಅದರಲ್ಲಿ ಯಾರ ತಟ್ಟೆಯೂ ಇರಲಿಲ್ಲ. ಯಾರು ಏನು ತಿಂದರು ಅಂತ ಯಾರೂ ಯಾರನ್ನೂ ಕೇಳಿಲ್ಲ.

ಮಾರ್ಚ್ 7, ಶುಕ್ರವಾರ

ಸಾಹೇಬರ ರೂಮಿಗೆ ಹೋದೆ. ಕೂರಿ ಅನ್ನಲಿಲ್ಲ, ನಿಂತೇ ಹೇಳಿದೆ. ಸರ್, ನಮ್ಮ ಲೆಕ್ಕ ಎರಡು ಸಾವಿರ ಜನರ ಸರಾಸರಿ. ಒಬ್ಬಳಿಗೆ ಯಾಕೆ ಬಂತು ಅಂತ ಅದರಿಂದ ಹೇಳಲಿಕ್ಕಾಗಲ್ಲ ಅಂತ ನೀವೇ ಮೀಟಿಂಗಿನಲ್ಲಿ ಹೇಳಿದ್ದಿರಿ.

"ಪೇಪರಿನವರಿಗೆ ಸಿಂಪಲ್ಲಾಗಿ ಹೇಳ್ಬೇಕಮ್ಮಾ."

"ಸಿಂಪಲ್ಲಾಗಿ ಅಂದ್ರೆ ಅಮ್ಮನ ತಲೆ ಮೇಲೆ ಗೂಬೆ ಕೂರಿಸೋದಾ ಸರ್?"

ಕನ್ನಡಕ ತೆಗೆದು ಒರೆಸಿಕೊಂಡರು. ನಿಮ್ಮ ಮನೆಯ ಪರಿಸ್ಥಿತಿ ನನಗೆ ಗೊತ್ತು, ಬೇಕಾದರೆ ರಜ ಹಾಕಿ ಅಂದರು. ರಜ! ಹೊಟ್ಟೆಗೆ ಬೆಂಕಿ ಇಟ್ಟು ಕೈಗೆ ಬೀಸಣಿಗೆ ಕೊಟ್ಟರು.

ಮಾರ್ಚ್ 9, ಭಾನುವಾರ

ಅಮ್ಮ ಮೂರು ದಿನದಿಂದ ಅಕ್ಕನ ಮನೆಗೆ ಹೋಗಿಲ್ಲ. ಅಡಿಗೆ ಮಾಡುತ್ತಾಳೆ, ಡಬ್ಬಿಗೆ ಹಾಕುತ್ತಾಳೆ, ನನ್ನ ಕೈಗೆ ಕೊಟ್ಟು "ನೀನೇ ಕೊಟ್ಬಾ" ಅನ್ನುತ್ತಾಳೆ. ತಾನು ಎರಡು ತುತ್ತು ತಿಂದು ಎದ್ದುಬಿಡುತ್ತಾಳೆ. ತಿನ್ನುವಾಗ ಯಾರೋ ನೋಡುತ್ತಿದ್ದಾರೆ ಅನ್ನುವ ಹಾಗೆ ತಟ್ಟೆಯನ್ನು ಮಡಿಲ ಹತ್ತಿರ ಎಳೆದುಕೊಳ್ಳುತ್ತಾಳೆ. ಅದನ್ನು ನೋಡಿ ನನಗೆ ಅಳು ಬಂತು. ಸಿಟ್ಟೂ ಬಂತು.

ಅಕ್ಕನೂ ಕಡಿಮೆ ಇಲ್ಲ. ಡಬ್ಬಿ ಮುಟ್ಟಲಿಲ್ಲ. "ಅವಳ್ಗೆ ಬರೋಕೆ ಮುಖ ಇಲ್ವಾ?" ಅಂದಳು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಪೂರ್ತಿ ಬಿಟ್ಟುಕೊಂಡು ಅತ್ತಳು. ನಲ್ಲಿ ಬಿಟ್ಟರೆ ಕೇಳಿಸುವುದಿಲ್ಲ ಅಂತ ಚಿಕ್ಕಂದಿನಿಂದ ಅವಳ ನಂಬಿಕೆ. ಪ್ರತಿ ಸಲವೂ ಕೇಳಿಸುತ್ತದೆ.

ಭಾವ ಹೊರಗಡೆ ಹೇಳಿದ. "ಆಪರೇಷನ್ ದಿನ ಅಮ್ಮ ಬರ್ತಾಳಾ ಅಂತ ದಿನಕ್ ನಾಕ್ ಸಲ ಕೇಳ್ತಾಳೆ. ಬರೋದ್ ಬೇಡ ಅಂತ್ಲೂ ಅವಳೇ ಅಂತಾಳೆ."

ಅಮ್ಮನನ್ನು ಕೇಳಿದೆ. "ನಾನ್ ಯಾಕೆ? ನನ್ ಮುಖ ನೋಡ್ಕೊಂಡು ಒಳಗ್ ಹೋಗ್ಬೇಕಾ ಅವಳು?" ಅಂದಳು. ಇನ್ನು ಹದಿನೆಂಟು ದಿನ.

ಮಾರ್ಚ್ 13, ಗುರುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಲ್ಯಾಬಿನ ಹಳೆಯ ಪ್ರಿಂಟ್‌ಔಟ್‌ಗಳನ್ನು ನಾನು ಮನೆಗೆ ತರುತ್ತೇನೆ. ಹಿಂಬದಿ ಖಾಲಿ ಇರುತ್ತದೆ, ಅಮ್ಮ ಸಾಮಾನಿನ ಪಟ್ಟಿ ಬರೆಯುತ್ತಾಳೆ. ಹೆಸರು ಗಿಸರು ಏನೂ ಇರುವುದಿಲ್ಲ, ಬರೀ ಸೀರಿಯಲ್ ನಂಬರ್ ಮತ್ತು ಅಂಕಿಗಳು. ಇವತ್ತು ಬೆಳಿಗ್ಗೆ ಅಮ್ಮ "ಸೋಪು, ಬೆಂಕಿಪೆಟ್ಟಿಗೆ" ಅಂತ ಬರೆಯುತ್ತಿದ್ದವಳು ಹಾಳೆ ತಿರುಗಿಸಿ ನೋಡಿದಳು. ಒಂದು ವಾರದಿಂದ ಸತ್ತಂತಿದ್ದ ಮುಖ ಒಮ್ಮೆಲೆ ಗಂಟಿಕ್ಕಿತು.

"ಏನೇ ಇದು?"

"ಹುಟ್ಟಿದ್ ತೂಕ ಅಮ್ಮ. ಚಿಕ್ಕದ್ರಿಂದ ದೊಡ್ಡದಕ್ಕೆ ಜೋಡ್ಸಿದಾರೆ. ಹಳೇ ಹೆರಿಗೆ ವಾರ್ಡಿನ ರಿಜಿಸ್ಟರ್‌ದು. ನಿಂದೇ ವಾರ್ಡು."

"ಯಾವ್ ಕತ್ತೆ ಜೋಡ್ಸಿದ್ದು?"

ನನ್ನ ಅಮ್ಮ ಆ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ನರ್ಸ್. ತಕ್ಕಡಿ ಸಿಸ್ಟರ್ ಅಂತ ಹೆಸರು. ಬೇರೆಯವರು ಕಣ್ಣಂದಾಜಿನಲ್ಲಿ ತೂಕ ಗೀಚಿದರೆ ಹರಿದು ಮತ್ತೆ ತೂಗಿಸುತ್ತಿದ್ದವಳು. ಬೆರಳಿಟ್ಟು ತೋರಿಸಿದಳು. 7.1, 7.12, 7.14, ಅದರ ಕೆಳಗೆ 7.2, ಕೊನೆಯಲ್ಲಿ 7.8.

"ಏಳು ಹದಿನಾಲ್ಕು ಏಳು ಎರಡಕ್ಕಿಂತ ಸಣ್ಣದಾ? ಯಾವ್ ಅಂಗಡಿ ತಕ್ಕಡಿ ಇದು? ನಾನು ಬರ್ದಿದ್ದು ಪೌಂಡು, ಚುಕ್ಕಿ, ಔನ್ಸು. ಏಳು ಪೌಂಡು ಹದಿನಾಲ್ಕು ಔನ್ಸು. ಹದಿನಾರ್ ಆದ್ರೆ ಇನ್ನೊಂದ್ ಪೌಂಡು. ನೋಡು, ಚುಕ್ಕಿ ಆದ್ಮೇಲೆ ಹದಿನೈದು ದಾಟಿದ್ದು ಒಂದಾದ್ರೂ ಇದೆಯಾ?"

ಇಡೀ ಹಾಳೆ ನೋಡಿದೆ. ಇನ್ನೂ ಆರು ಹಾಳೆ ನೋಡಿದೆ. ಇಲ್ಲ. ಒಂದೂ ಇಲ್ಲ.

ನಾವು ಅದನ್ನು ದಶಾಂಶ ಅಂದುಕೊಂಡೆವು. ಏಳು ಪೌಂಡು ಹದಿನಾಲ್ಕು ಔನ್ಸಿನ ದಪ್ಪ ಮಗು ಕಂಪ್ಯೂಟರಿನಲ್ಲಿ ಸಣ್ಣ ಮಗುವಾಗಿ ಕೂತಿದೆ. ಏಳು ಪೌಂಡು ಎಂಟು ಔನ್ಸಿನ ಸಾಧಾರಣ ಮಗು ಮೂರೂವರೆ ಕಿಲೋ ದಾಟಿದ ಗುಂಪಿಗೆ ಹಾರಿದೆ. ಹತ್ತು ಔನ್ಸಿನ ಕಥೆ ಕೇಳುವುದೇ ಬೇಡ. 6.10 ಅಂತ ಹೊಡೆದರೆ ಕಂಪ್ಯೂಟರು ಸೊನ್ನೆ ನುಂಗಿ 6.1 ಮಾಡುತ್ತದೆ, ಒಂದು ಔನ್ಸಿನ ಮಗುವಿಗೂ ಹತ್ತು ಔನ್ಸಿನ ಮಗುವಿಗೂ ವ್ಯತ್ಯಾಸವೇ ಇಲ್ಲ.

ನಾಲ್ಕು ವರ್ಷ. ಇಬ್ಬರು ಡಾಕ್ಟರೇಟ್. ಒಂದು ಅಂತರರಾಷ್ಟ್ರೀಯ ಪತ್ರಿಕೆ. ಬರೆದವಳು ಲ್ಯಾಬಿನಿಂದ ಎರಡು ಬಸ್ ದೂರದಲ್ಲಿ ಬದುಕಿದ್ದಾಳೆ. ಒಬ್ಬನಾದರೂ ಬಂದು ಕೇಳಿದ್ದರೆ ಆಗುತ್ತಿತ್ತು. ನಾನಾದರೂ ಕೇಳಬಹುದಿತ್ತು! ಅದೇ ಮನೆಯಲ್ಲಿ ಅವಳ ಪಕ್ಕದಲ್ಲೇ ಕೂತು ಊಟ ಮಾಡುವವಳು.

ಮಾರ್ಚ್ 14, ಶುಕ್ರವಾರ

ಡೇಟಾ ನೋಡಿಕೊಳ್ಳುವವನಿಗೆ ನಾವೆಲ್ಲ ಎಕ್ಸೆಲ್ಲಣ್ಣ ಅನ್ನುತ್ತೇವೆ. ಹಾಳೆ ತೋರಿಸಿದೆ. ಓದಿದ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಅಯ್ಯಯ್ಯೋ ಮೇಡಂ," ಅಂದ. ಇಷ್ಟೇ. ಒಳ್ಳೆಯ ಮನುಷ್ಯ, ಮುಖ ಬಿಳಿಚಿಕೊಂಡಿತು.

ಇಬ್ಬರೂ ಸಾಹೇಬರ ಹತ್ತಿರ ಹೋದೆವು. ಹತ್ತು ನಿಮಿಷ ನೋಡಿದರು. "ಹೂಂ. ಸಣ್ಣಪುಟ್ಟ ಏರುಪೇರು. ಒಟ್ಟಾರೆ ಟ್ರೆಂಡ್ ಬದ್ಲಾಗಲ್ಲ."

"ಹೇಗೆ ಗೊತ್ತು ಸರ್? ಲೆಕ್ಕ ಹಾಕಿದೀರಾ?"

"ಬೇರೆ ಕಡೆ ದೊಡ್ಡ ದೊಡ್ಡ ಸ್ಟಡಿಗಳೂ ಇದನ್ನೇ ಹೇಳ್ತವೆ."

"ಅವು ಒಂಚೂರು ಅಂತ ಹೇಳ್ತವೆ. ತಾಯಿಯ ತಟ್ಟೆ ಅಂತ ಹೇಳಲ್ಲ."

ಹನ್ನೊಂದು ರಿಜಿಸ್ಟರ್ ಮತ್ತೆ ತೆಗೆಸಿ ನೋಡಲು ಗ್ರಾಂಟೂ ಇಲ್ಲ, ಜನವೂ ಇಲ್ಲ ಅಂದರು. ನಾನು ಸೀಟಿಗೆ ಬಂದು ಬ್ಲೇಡು ಬಿಚ್ಚಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಹೊಸ ಬ್ಯಾಚಿನ ಅರವತ್ತು ಬ್ಲಾಕ್ ಫ್ರಿಜ್ಜಿನಲ್ಲಿ ಕೂತಿವೆ. ಈ ಸ್ಟಡಿಗೆ ಇನ್ನು ಒಂದು ಸ್ಲೈಡೂ ಕತ್ತರಿಸುವುದಿಲ್ಲ, ಲೆಕ್ಕ ಸರಿ ಆಗುವ ತನಕ. ಆಸ್ಪತ್ರೆಯ ರೋಗಿಗಳದ್ದು ಮಾತ್ರ ಮಾಡುತ್ತೇನೆ, ಅವರೇನು ಪಾಪ ಮಾಡಿದ್ದಾರೆ.

"ಇದು ಅವಿಧೇಯತೆ," ಅಂದರು ಸಾಹೇಬರು.

"ಹೌದು ಸರ್," ಅಂದೆ.

ಮಾರ್ಚ್ 15, ಶನಿವಾರ

ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿ. ಎಕ್ಸೆಲ್ಲಣ್ಣ ಲ್ಯಾಪ್‌ಟಾಪ್ ತಂದ, ನಾನು ಊಟದ ಡಬ್ಬಿ ತಂದೆ. ಅಲ್ಲಿಯ ಮೇಲ್ವಿಚಾರಕಿ ಬೀಗ ತೆಗೆಯುತ್ತ ಮೂಗು ಮುರಿದರು. ನಾನು ಯಾರ ಮಗಳು ಅಂತ ಗೊತ್ತಾದ ಮೇಲೆ ಟೇಬಲ್ ಫ್ಯಾನ್ ನಮ್ಮ ಕಡೆ ತಿರುಗಿಸಿದರು. "ನನ್ ಹೆರಿಗೇಲಿ ನಿಮ್ಮಮ್ಮ ನನ್ ಬೈದಿದ್ದು ಇನ್ನೂ ಕಿವೀಲಿದೆ," ಅಂದರು, ಹೆಮ್ಮೆಯಿಂದ.

ಎರಡು ಸಾವಿರದ ನೂರ ನಲವತ್ತು ಸಾಲು. ನಾನು ಓದುವುದು, ಅವನು ಹೊಡೆಯುವುದು. ಪೌಂಡು ಒಂದು ಕಾಲಂ, ಔನ್ಸು ಇನ್ನೊಂದು ಕಾಲಂ.

ಅಮ್ಮನ ಅಕ್ಷರ. ದುಂಡಗೆ, ಒಂದೇ ಅಳತೆ. ತಾರೀಖು, ಗಂಟೆ, ಗಂಡು ಹೆಣ್ಣು, ತೂಕ. ಕೊನೆಗೆ ಅವಳೇ ಸ್ಕೇಲಿಟ್ಟು ಎಳೆದುಕೊಂಡ ಒಂದು ಕಾಲಂ. ಬೇರೆ ನರ್ಸ್‌ಗಳ ಪುಟದಲ್ಲಿ ಅದಿಲ್ಲ. ತಲೆಯಲ್ಲಿ ಬರೆದಿದ್ದಾಳೆ: ಅಳು. ಕೆಳಗೆ ಉದ್ದಕ್ಕೂ ಜೋರು, ಜೋರು, ಮಂದ, ಜೋರು, ತಡವಾಗಿ, ಜೋರು. ಅಲ್ಲೊಂದು ಇಲ್ಲೊಂದು ಕಡೆ ಏನೂ ಬರೆಯದೆ ಖಾಲಿ ಬಿಟ್ಟಿದ್ದಾಳೆ. ಅಳದೇ ಹೋದ ಆ ಮಕ್ಕಳ ಸಾಲು ಬಂದಾಗಲೆಲ್ಲ ಬೆರಳಿಟ್ಟು ದಾಟಿಸಿ ಮುಂದಿನದು ಓದಿದೆ.

ಮಾರ್ಚ್ 22, ಶನಿವಾರ

ಒಂದು ವಾರ ಇಲ್ಲಿ ಏನೂ ಬರೆಯಲಿಲ್ಲ. ಕಣ್ಣು ಹೋಗಿದೆ. ದಿನಾ ಕೆಲಸ ಮುಗಿಸಿ ನೆಲಮಾಳಿಗೆ.

ಇವತ್ತು ಮುಗಿಯಿತು. ಮುನ್ನೂರ ಎಂಬತ್ತಾರು ಮಕ್ಕಳು ಗುಂಪು ಬದಲಾಯಿಸಿದರು. ಎಕ್ಸೆಲ್ಲಣ್ಣ ಗೆರೆ ಎಳೆದು ತೋರಿಸಿದ. ಏಣಿಯ ಹಾಗೆ ಏರಿದ್ದ ಗೆರೆ ಹೊಸ್ತಿಲಿನಷ್ಟು ಏರುತ್ತದೆ. ಪೂರ್ತಿ ಮಲಗಿಲ್ಲ. ಇದನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳಬೇಕು. ದಪ್ಪ ಹುಟ್ಟಿದವರಲ್ಲಿ ಒಂಚೂರು ಹೆಚ್ಚು ಅನ್ನುವುದು ಸುಳ್ಳಲ್ಲ. ಸಣ್ಣ ಸತ್ಯ. ಆ ಸಣ್ಣ ಸತ್ಯವನ್ನು ದೊಣ್ಣೆ ಮಾಡಿ ಅಮ್ಮಂದಿರ ಬೆನ್ನಿಗೆ ಬಾರಿಸಿದ್ದು ಅನ್ಯಾಯ. ಅಷ್ಟೇ ನನ್ನ ಜಗಳ.

ಆದರೆ ಬರೆಯಬೇಕಾದ್ದು ಬೇರೆ ಇದೆ.

ಮೂರನೇ ರಿಜಿಸ್ಟರಿನಲ್ಲಿ ಅಕ್ಕನ ಹುಟ್ಟಿದ ದಿನ ಬಂತು. ಆಗಸ್ಟ್ 9. ಅದೂ ಅಮ್ಮನ ಅಕ್ಷರವೇ, ಆದರೆ ಗೆರೆ ಬಿಟ್ಟು ಕೆಳಗೆ ಜಾರಿದೆ. ಹೆತ್ತು ಎರಡು ಗಂಟೆಯೊಳಗೆ ಮಂಚಕ್ಕೆ ರಿಜಿಸ್ಟರ್ ತರಿಸಿಕೊಂಡು ಬರೆದಳು, ಬೇರೆಯವರು ಬರೆದರೆ ಅಂಕಿ ಕೆಡಿಸುತ್ತಾರೆ ಅಂತ... ಈ ಕಥೆ ಮನೆಯಲ್ಲಿ ನೂರು ಸಲ ಕೇಳಿದ್ದೇನೆ. ಹೆಣ್ಣು. 6.10. ಅಳು: ಜೋರು.

6.10.

ಎಂಟು ಪೌಂಡಲ್ಲ. ಆರು ಪೌಂಡ್ ಹತ್ತು ಔನ್ಸ್. ಮೂರು ಕಿಲೋ, ಮೇಲೆ ಐದು ಗ್ರಾಂ. ಎರಡು ಸಾವಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನನ್ನ ಅಕ್ಕ ಸರಿಯಾಗಿ ನಡುವೆ.

ಮನೆಗೆ ಬಂದೆ. ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಫೋನಿನಲ್ಲಿ ತೆಗೆದ ಪುಟದ ಫೋಟೋ ಮುಂದೆ ಹಿಡಿದೆ. ಕಣ್ಣ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು.

"ಗೆರೆ ಸೊಟ್ಟ ಬಂದಿದೆ," ಅಂದಳು.

"ಅಮ್ಮಾ! ಎಂಟು ಪೌಂಡ್ ಅಂತಿದ್ಯಲ್ಲ ಇಷ್ಟ್ ವರ್ಷ?"

ದಿಂಬಿನ ಕವರು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ಹೇಳಿದಳು. ಅವಳು ಬಸುರಿಯಾಗಿದ್ದಾಗ ಎಂಟನೇ ತಿಂಗಳವರೆಗೂ ಡ್ಯೂಟಿ ಮಾಡಿದ್ದಳು. ಅಪ್ಪನ ತಾಯಿಗೆ, ಅಂದರೆ ನಮ್ಮ ಅಜ್ಜಿಗೆ, ಅದು ಸರಿಬರಲಿಲ್ಲ. ದಿನಾ ಒಂದೇ ಮಾತು: "ಹೀಗ್ ಓಡಾಡೋಳ್ ಹೊಟ್ಟೇಲಿ ಇಲಿಮರಿ ಹುಟ್ಟುತ್ತೆ ನೋಡ್ತಿರು." ಮಗು ಹುಟ್ಟಿತು. ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದರು, "ಎಷ್ಟಿದೆ ಇಲಿಮರಿ?"

"ಎಂಟು ಪೌಂಡು ಅಂದ್ಬಿಟ್ಟೆ," ಅಂದಳು ಅಮ್ಮ. "ಬಾಯಿಗ್ ಬಂತು, ಅಂದ್ಬಿಟ್ಟೆ. ಮುದುಕಿ ಮಾರನೇ ದಿನ ಬೀದಿಯೆಲ್ಲಾ ಸಾರ್ಕೊಂಡ್ ಬಂದ್ರು, ನಮ್ ವಂಶದ್ ಮಗು ಅಂತ. ಆಮೇಲ್ ಹೇಗೇ ವಾಪಸ್ ತಗೊಳ್ಳೋದು?"

"ಮತ್ತೆ ಅಕ್ಕ ಹಾಗ್ ಅಂದಾಗ ಯಾಕ್ ಬಾಯ್ ಮುಚ್ಕೊಂಡ್ ಬಂದೆ? ಅಷ್ಟ್ ಇರ್ಲಿಲ್ಲ ಅಂತ ಒಂದ್ ಮಾತು!"

ಆಗ ಅಮ್ಮ ನನ್ನ ಮುಖ ನೋಡಿದಳು. "ಹೇಳಿ? ದಪ್ಪ ಇದ್ದಿದ್ದಕ್ಕೆ ಬಂತು ಅಂತ ಇವತ್ತು ಬರ್ದಿದಾರೆ. ಸಣ್ಣ ಇದ್ದಿದ್ದಕ್ಕೆ ಬಂತು ಅಂತ ನಾಳೆ ಬರೀತಾರೆ. ನಿಂತ್ಕೊಂಡು ಡ್ಯೂಟಿ ಮಾಡಿದ್ದಕ್ಕೆ ಅಂತಾರೆ. ನಂದೇ ತಾನೆ ಹೊಟ್ಟೆ? ಅವಳ್ಗೆ ಹೇಳ್ಬೇಡ."

ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ. ಒಂದೇ ಮಗು! ಅವತ್ತು ಚಿಕ್ಕದಾದೀತು ಅಂತ ಬೈದರು, ಇವತ್ತು ದೊಡ್ಡದಾಗಿತ್ತು ಅಂತ ಬೈದರು. ಮಗು ಮಾತ್ರ ಅಲ್ಲೇ ಇದೆ, ಆರು ಪೌಂಡ್ ಹತ್ತು ಔನ್ಸಿಗೆ. ಅಪ್ಪ ಏನು ತಿಂದ, ಏನು ಸೇದಿದ ಅಂತ ನಲವತ್ತಾರು ವರ್ಷದಲ್ಲಿ ಒಬ್ಬ ಕೇಳಿದ್ದರೆ ಹೇಳಲಿ. ಅಜ್ಜಿಗೆ ನಾಲಿಗೆ, ಪೇಪರಿನವನಿಗೆ ಶಾಯಿ, ಸಾಹೇಬರಿಗೆ ಗ್ರಾಫು, ನನಗೆ ಫ್ರಿಜ್ಜಿಗೆ ಅಂಟಿಸುವ ಚಪಲ. ಎಲ್ಲರೂ ಸೇರಿ ಒಬ್ಬಳನ್ನು ಗೋಡೆ ಕಡೆ ತಿರುಗಿ ಮಲಗುವ ಹಾಗೆ ಮಾಡಿದೆವು.

ಮಾರ್ಚ್ 24, ಸೋಮವಾರ

ಅಮ್ಮ ಹೇಳಬೇಡ ಅಂದಳು. ಹೇಳಿದೆ. ನನಗೆ ಯಾರ ಮಾತನ್ನೂ ಕೇಳುವ ಅಭ್ಯಾಸವೇ ತಪ್ಪಿಹೋಗಿದೆ.

ಅಕ್ಕ ಆಸ್ಪತ್ರೆಗೆ ತೆಗೆದುಕೊಂಡು ಹೋಗುವ ಬ್ಯಾಗ್ ಜೋಡಿಸುತ್ತಿದ್ದಳು. ಮುಂದೆ ಗುಂಡಿ ಇರುವ ನೈಟಿ ಎರಡು, ಚಪ್ಪಲಿ, ಹಲ್ಲುಜ್ಜುವ ಬ್ರಷ್. ಪುಟದ ಫೋಟೋ ತೋರಿಸಿದೆ. ಅಜ್ಜಿಯ ಇಲಿಮರಿ ಕಥೆ ಹೇಳಿದೆ. ಮೊದಲು ನಕ್ಕಳು. ನಿಜವಾಗಿ ನಕ್ಕಳು, ಈ ತಿಂಗಳಿನಲ್ಲಿ ಮೊದಲ ಸಲ. "ಹಾಗಾದ್ರೆ ನಾನ್ ಗುಂಡಮ್ಮ ಅಲ್ವೇ ಅಲ್ಲ! ಸ್ಕೂಲಲ್ಲಿ ಸುಮ್ಸುಮ್ನೆ ಹೊಡ್ದಾಡಿದ್ನಾ ಆ ಹೆಸ್ರಿಗೆ?"

ಆಮೇಲೆ ಕೇಳಿದಳು. "ಹಾಗಾದ್ರೆ ಅಮ್ಮನಿಂದ ಅಲ್ಲ."

ಹೂಂ ಅಂದುಬಿಡಬಹುದಿತ್ತು. ಸುಲಭ ಇತ್ತು. ನಾಲಿಗೆ ತುದಿಗೆ ಬಂದಿತ್ತು.

"ನೀನು ಎಂಟ್ ಪೌಂಡ್ ಇದ್ದಿದ್ರೂ ಅಮ್ಮನಿಂದ ಅಲ್ಲ," ಅಂದೆ. "ಹತ್ತ್ ಪೌಂಡ್ ಇದ್ದಿದ್ರೂ ಅಲ್ಲ. ದಪ್ಪ ಹುಟ್ಟಿದೋರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ್ಲೂ ಹೆಚ್ಚ್ ಜನಕ್ಕೆ ಬರೋದೇ ಇಲ್ಲ. ಸಣ್ಣ ಹುಟ್ಟಿದೋರ್ಗೂ ಬರುತ್ತೆ. ನಿಂಗೆ ಯಾಕ್ ಬಂತು ಅಂತ ಯಾವ ಲ್ಯಾಬೂ ಹೇಳಕ್ಕಾಗಲ್ಲ ಕಣೇ. ನಾನು ಇಪ್ಪತ್ತೊಂದ್ ವರ್ಷ ಕತ್ತರಿಸಿದೀನಿ. ಒಂದ್ ಸ್ಲೈಡಲ್ಲೂ ಯಾರ್ ತಪ್ಪು ಅಂತ ಬಣ್ಣ ಹಿಡಿಯಲ್ಲ."

ಅಕ್ಕ ನೈಟಿಯ ಗುಂಡಿ ಹಾಕಿದಳು, ತೆಗೆದಳು.

"ಯಾರ್ ಮೇಲಾದ್ರೂ ಹಾಕ್ಬೇಕಿತ್ತು ನಂಗೆ," ಅಂದಳು. "ಇಲ್ದಿದ್ರೆ ಸುಮ್ನೆ ಬಂತು ಅಂತ ಒಪ್ಕೋಬೇಕಿತ್ತು. ಸುಮ್ನೆ ಬಂದಿದ್ದು ಅಂದ್ರೆ ತುಂಬಾ ಭಯ ಆಗುತ್ತೆ. ಅಮ್ಮ ಆದ್ರೆ ಬೈಸ್ಕೊಂಡೂ ಡಬ್ಬಿ ಕಳಿಸ್ತಾಳೆ ಅಂತ ಗೊತ್ತಿತ್ತು."

ನಲ್ಲಿ ಬಿಡದೆ ಅತ್ತಳು. ನಾನೂ.

ಮಾರ್ಚ್ 25, ಮಂಗಳವಾರ

ಸಾಹೇಬರು ಕರೆಸಿದರು. ಟೇಬಲ್ ಮೇಲೆ ಹೊಸ ಗೆರೆಯ ಪ್ರಿಂಟ್ ಇತ್ತು, ಎಕ್ಸೆಲ್ಲಣ್ಣ ಇಟ್ಟು ಹೋಗಿದ್ದಾನೆ. ಸಾಹೇಬರು ದಣಿದಿದ್ದರು. ಪತ್ರಿಕೆಗೆ ತಿದ್ದುಪಡಿ ಕಳಿಸುತ್ತೇನೆ, ಪೇಪರಿನವರಿಗೂ ಒಂದು ಪತ್ರ ಬರೆಯುತ್ತೇನೆ ಅಂದರು. "ನಾನೇ ಹೋಗಿ ರಿಜಿಸ್ಟರ್ ನೋಡ್ಬೇಕಿತ್ತು," ಅಂದರು. ಅದನ್ನು ಅವರ ಬಾಯಿಂದ ಕೇಳುತ್ತೇನೆ ಅಂದುಕೊಂಡಿರಲಿಲ್ಲ. ಕರಡು ತೋರಿಸಿದರು. "ಅಂಕಿ ನಮೂದಿನ ತಾಂತ್ರಿಕ ವ್ಯತ್ಯಯ" ಅಂತಿತ್ತು. ಅಡ್ಡಗೋಡೆ ಮೇಲೆ ದೀಪ. ಹೊಡೆದುಹಾಕಿ ಬರೆದೆ: "ನಾವು ತಪ್ಪು ಓದಿದೆವು. ಬರೆದವರು ಸರಿಯಾಗಿ ಬರೆದಿದ್ದರು."

ಸಹಿ ಹಾಕಿದರು. ಬ್ಲೇಡು ಮತ್ತೆ ಹಾಕಿದೆ.

ತಲೆಬರಹ ಅರ್ಧ ಪುಟ ಇತ್ತು. ತಿದ್ದುಪಡಿ ಮೂರು ಸಾಲು ಬರುತ್ತದೆ, ಅದೂ ಎಲ್ಲೋ ಮೂಲೆಯಲ್ಲಿ. ಆ ಅರ್ಧ ಪುಟ ಓದಿ ಮುಸುಕು ಹಾಕಿಕೊಂಡ ಬೇರೆ ಅಮ್ಮಂದಿರ ಮನೆಗೆ ಯಾರು ಹೋಗಿ ಹೇಳುತ್ತಾರೆ?

ಮಾರ್ಚ್ 26, ಬುಧವಾರ

ಅಕ್ಕ ಫೋನ್ ಮಾಡಿದಳು. ಅಮ್ಮ ತೆಗೆಯಲಿಲ್ಲ. ಮತ್ತೆ ಮಾಡಿದಳು. ನಾನು ಸ್ಪೀಕರ್ ಒತ್ತಿ ಅಮ್ಮನ ಮುಂದಿಟ್ಟೆ.

"ಅಮ್ಮಾ, ಇಲಿಮರಿ ಮಾತಾಡ್ತಿರೋದು."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾಳೆ ಏಳ್ ಗಂಟೆಗ್ ಬಾ. ನೀನ್ ಬರ್ಲಿಲ್ಲ ಅಂದ್ರೆ ನಾನ್ ಆ ಟೇಬಲ್ ಹತ್ತಲ್ಲ, ಆಯ್ತಾ? ಏನೇನೋ ಅಂದ್ಬಿಟ್ಟೆ. ತಪ್ಪಾಯ್ತಮ್ಮ."

"ಬೆಳಿಗ್ಗೆ ಏನೂ ತಿನ್ಬೇಡ," ಅಂದಳು ಅಮ್ಮ. "ನೀರೂ ಕುಡೀಬೇಡ. ಉಗುರ್ ಬಣ್ಣ ಇದ್ರೆ ತೆಗಿ." ನರ್ಸಿನ ದನಿ. ಆಮೇಲೆ ಫೋನಿಟ್ಟು, ತಟ್ಟೆ ಹಾಕಿಕೊಂಡು, ಕಾಲು ನೀಡಿ ಕೂತು, ಎರಡನೇ ಸಲ ಹಾಕಿಸಿಕೊಂಡು ಊಟ ಮಾಡಿದಳು.

ಮಾರ್ಚ್ 27, ಗುರುವಾರ. ಬೆಳಿಗ್ಗೆ 9.40

ಥಿಯೇಟರಿನ ಹೊರಗಿನ ಬೆಂಚು. ಒಳಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ. ಭಾವ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಾನೆ. ಸ್ಟ್ರೆಚರ್ ತಳ್ಳುವಾಗ ಅಕ್ಕ ಅಮ್ಮನ ಕೈ ಬಿಡಲಿಲ್ಲ, ಅಮ್ಮ ಬಾಗಿಲಿನ ತನಕ ಆ ಮೊಣಕಾಲಿನಲ್ಲೇ ಓಡಿದಳು. ಬಾಗಿಲಲ್ಲಿ ಅಕ್ಕ ಒಂದು ಕಾಗದ ಅಮ್ಮನ ಕೈಗೆ ತುರುಕಿದಳು.

ನಮ್ಮ ಲ್ಯಾಬಿನದೇ ಫಾರಂ! ಸ್ಟಡಿಗೆ ಸೇರುತ್ತೀರಾ ಅಂತ ಆಪರೇಷನ್ ಆಗುವವರಿಗೆಲ್ಲ ಕೊಡುತ್ತಾರೆ. ಅಕ್ಕ ಸಹಿ ಹಾಕಿದ್ದಾಳೆ. "ನಿಮ್ಮ ಜನನ ತೂಕ" ಅನ್ನುವ ಕಡೆ ಬರೆದಿದ್ದಾಳೆ: ಅಮ್ಮನನ್ನು ಕೇಳಿ.

11.15

ಅಮ್ಮ ನನ್ನ ಪೆನ್ನು ಇಸಿದುಕೊಂಡು ಬರೆದಳು. ಚುಕ್ಕಿ ಇಲ್ಲ. ಅಕ್ಷರದಲ್ಲಿ, ದುಂಡಗೆ: ಆರು ಪೌಂಡು ಹತ್ತು ಔನ್ಸು. ಬರೆದು ಎರಡು ಸಲ ಓದಿದಳು. ಆಮೇಲೆ ಫಾರಂನ ಅಂಚಿನಲ್ಲಿ, ನನ್ನ ಐಡಿ ಕಾರ್ಡನ್ನೇ ಸ್ಕೇಲು ಮಾಡಿಕೊಂಡು, ಒಂದು ಗೆರೆ ಎಳೆದಳು. ತಲೆಯಲ್ಲಿ ಬರೆದಳು: ಅಳು. ಕೆಳಗೆ ಖಾಲಿ ಬಿಟ್ಟು ಪೆನ್ನು ವಾಪಸ್ ಕೊಟ್ಟಳು.

"ಜೋರು ಅಂತ ಬರ್ದಿದ್ಯಲ್ಲಮ್ಮ ಅವತ್ತು. ಬರಿ."

"ತಡಿ," ಅಂದಳು. "ಅದನ್ನ ಕೇಳಿಸ್ಕೊಂಡ್ ಮೇಲೆ ಬರಿಯೋದು."

1.50

ಮೂರು ಗಂಟೆ ಹೊತ್ತಿನ ಕೆಲಸ ಅಂದಿದ್ದರು. ನಾಲ್ಕೂವರೆ ಆಯಿತು. ಭಾವ ಕೂತ. ಆ ತುಂಡು ನಮ್ಮ ಲ್ಯಾಬಿಗೇ ಬರುತ್ತದೆ, ತೂಗುತ್ತಾರೆ, ಬರೆಯುತ್ತಾರೆ. ಅದನ್ನು ನಾನು ಮುಟ್ಟುವುದಿಲ್ಲ ಅಂತ ಬೆಳಿಗ್ಗೆಯೇ ಹೇಳಿ ಬಂದಿದ್ದೇನೆ. ಅಮ್ಮ ಫಾರಂ ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಾಳೆ.

2.25

ಬಾಗಿಲು ತೆಗೆಯಿತು. ಚಿಕ್ಕ ವಯಸ್ಸಿನ ನರ್ಸು. ಆಪರೇಷನ್ ಚೆನ್ನಾಗಿ ಆಯಿತು ಅಂದಳು. "ಎಚ್ಚರ ಆಗಿದೆ. ಅಳ್ತಿದಾರೆ, ಅದ್ ಮಾಮೂಲಿ, ಗಾಬರಿ ಆಗ್ಬೇಡಿ."

ಅಮ್ಮ ಎದ್ದು ನಿಂತಳು. "ಮಂದವಾಗಾ, ಜೋರಾಗಾ?"

"ಜೋರಾಗೇ ಅಜ್ಜಿ, ವಾರ್ಡೆಲ್ಲಾ ಕೇಳೋ ಹಾಗೆ."

ಅಮ್ಮ ನನ್ನ ಕಡೆ ತಿರುಗಿ ಕೈ ಚಾಚಿದ್ದಾಳೆ. ಬರೆದಿದ್ದು ಸಾಕು, ಪೆನ್ನು ಕೊಡೇ ಅನ್ನುತ್ತಿ...